ರಾಣಿ ಇಸ್ಮೇರಾಳ ಕೊನೆಯ ಕಂತು

ರಾಣಿ ಇಸ್ಮೇರಾ ಸಾಯುತ್ತಾಳೆಂಬ ಸುದ್ದಿ ಸೋಮವಾರ ಬೆಳಿಗ್ಗೆಯೇ ಊರಿಗೆಲ್ಲ ಹಬ್ಬಿತು. ಅವಳು ಸಾಯಬೇಕಾಗಿದ್ದದ್ದು ಮುಂದಿನ ಭಾನುವಾರ.

ದಾರಿಂಕಾ ಅದನ್ನು ಓದಿದ್ದು ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ನಿಂತು, ಮೊಬೈಲಿನಲ್ಲಿ. ಊರಿನವರು ಹರಟೆ ಹೊಡೆಯುವ ಪುಟದಲ್ಲಿ ಯಾರೋ ಹೆಸರು ಮರೆಸಿಕೊಂಡು ಬರೆದಿದ್ದರು: ‘ಉಪ್ಪಿನ ಕಿರೀಟ’ ಧಾರಾವಾಹಿಯ ಕೊನೆಯಲ್ಲಿ ತಮ್ಮನಿಗೆಂದು ಇಟ್ಟ ವಿಷವನ್ನು ರಾಣಿ ತಾನೇ ಕುಡಿದುಬಿಡುತ್ತಾಳೆ.

ಊಹೆಯಲ್ಲ, ನಿಜ. ದಾರಿಂಕಾಳಿಗೆ ಗೊತ್ತಿತ್ತು—ಆ ಕಂತಿನ ಮಾತುಗಳನ್ನು ಪರದೆಯ ಅಡಿಯಲ್ಲಿ ತೋರಿಸಲು ಸರ್ಬಿಯನ್ನಿಗೆ ತಂದವಳು ಅವಳೇ. ಆರು ಸೀಸನ್‌ಗಳಿಂದಲೂ ಅವಳೇ. ಗಂಡ ಸತ್ತ ವರ್ಷ ಹಿಡಿದ ಕೆಲಸ ಅದು. ಅನ್ನಕ್ಕೆ ದಾರಿಯಾದದ್ದೂ ಅದೇ, ಬೆಳಿಗ್ಗೆ ಎದ್ದು ಕೂರಲು ನೆವವಾದದ್ದೂ ಅದೇ.

ಮನೆ ಮುಟ್ಟುವ ಮೊದಲೇ ಬೆಲ್‌ಗ್ರೇಡಿನ ಟಿವಿ ಕಚೇರಿಯಿಂದ ಫೋನ್ ಬಂತು.

“ಆ ಕಂತಿದ್ದ ಡ್ರೈವ್ ಹೊರಗೆ ಬಂದಿದ್ದು ನಿಮ್ಮ ಮನೆಗೆ ಮಾತ್ರ, ಅಮ್ಮ. ಗುರುವಾರದೊಳಗೆ ಯಾರು ಅಂತ ಹೇಳಿ. ಇಲ್ದಿದ್ರೆ ನೀವೇ ಅಂತ ತಿಳ್ಕೋತೀವಿ. ಕೆಲಸ ಅಲ್ಲಿಗೆ ಮುಗೀತು.”

ಅವಳು ನೇರ ಓಬ್ರಾದನ ಮನೆಗೆ ನಡೆದಳು. ಓಬ್ರಾದ್ ಒಂದು ಕಾಲದಲ್ಲಿ ಪೊಲೀಸ್ ಇನ್‌ಸ್ಪೆಕ್ಟರ್. ಈಗ ಚರ್ಚಿನಲ್ಲಿ ನಿಂತು ಗ್ರಂಥ ಓದುವ ಮುದುಕ. ಅಜ್ಜ ಹಾಡುತ್ತಿದ್ದ ವೀರಗಾಥೆಗಳನ್ನು ಕೇಳಿ ಬೆಳೆದವನು. ಏನನ್ನು ಕೇಳುವಾಗಲೂ ಕಣ್ಣು ಮುಚ್ಚಿಕೊಳ್ಳುವುದು ಅವನ ಅಭ್ಯಾಸ.

“ಡ್ರೈವ್ ಯಾವಾಗ ಬಂತು?”

“ಗುರುವಾರ, ಕಾಕಾ. ಶನಿವಾರ ಬೆಳಿಗ್ಗೆ ಅವರ ಆಳೇ ಬಂದು ತಗೊಂಡು ಹೋದ.”

“ನಡುವೆ ಶುಕ್ರವಾರ. ನಿಮ್ಮನೆ ದೇವರ ಹಬ್ಬ.”

“ಹೂಂ.” ಅವಳ ದನಿ ಇಳಿಯಿತು. “ಸಂತ ಜಾರ್ಜನ ಪಟದ ಕೆಳಗಿನ ಡ್ರಾಯರ್‌ನಲ್ಲಿಟ್ಟಿದ್ದೆ. ದೇವರಿಗಿಂತ ಕಾವಲು ಬೇಕೇ ಅಂದ್ಕೊಂಡೆ. ಹಬ್ಬದ ರೊಟ್ಟಿ ಕೊಯ್ಯಿಸೋಕೆ ಚರ್ಚಿಗೆ ಬಂದಾಗ ಬಾಗಿಲು ತೆರೆದೇ ಇತ್ತು. ಹಬ್ಬದ ದಿನ ಯಾರಾದ್ರೂ ಬೀಗ ಹಾಕ್ತಾರಾ? ಬಂದವರನ್ನ ಬೇಡ ಅನ್ನೋ ಹಾಗಿಲ್ವಲ್ಲ.”

“ನಾನು ಚರ್ಚಿನಲ್ಲಿ ನಿನ್ನೆದುರೇ ಓದ್ತಿದ್ದೆ. ನೀನು ವಾಪಸ್ ಬಂದಾಗ ಮನೇಲಿ ಯಾರಿದ್ರು?”

“ಮೂರೇ ಜನ. ಟಿಹೋಮಿರ್, ಯಾಗೋದಾ, ನನ್ನ ಕೂಮ್ ರಾಶ್ಕೋ.”

ಓಬ್ರಾದ್ ಕಣ್ಣು ತೆರೆದ. ದಾರಿಂಕಾಳ ಮಗಳ ದೀಕ್ಷಾಸ್ನಾನದಲ್ಲಿ ಮಗುವನ್ನು ಕೈಯಲ್ಲಿ ಹಿಡಿದು ನಿಂತವನು ಕೂಮ್. ಒಡಹುಟ್ಟಿದವನೊಡನೆ ಜಗಳವಾದರೂ ನಡೆದೀತು, ಕೂಮ್‌ನೊಡನೆ ನಡೆಯದು.

“ನಾಳೆ ಮಧ್ಯಾಹ್ನ ಕಫಾನಾಕ್ಕೆ ಬಾ,” ಎಂದ.

ಟಿಹೋಮಿರ್‌ನ ಕಫಾನಾದಲ್ಲಿಯೇ, ಊಟ-ಕುಡಿತದ ಆ ಅಂಗಡಿಯಲ್ಲಿಯೇ, ಆರು ಸೀಸನ್‌ಗಳೂ ನಡೆದಿದ್ದವು. ಪ್ರತಿ ಭಾನುವಾರ ಒಂದೇ ಮೇಜು, ಅದೇ ನಾಲ್ವರು: ಆ ಮೂವರು ಮತ್ತು ಓಬ್ರಾದ್. ಪರದೆಯ ಅಕ್ಷರ ಓಬ್ರಾದನ ಕಣ್ಣಿಗೆ ಎಟುಕದ್ದರಿಂದ ಔಷಧಿ ಅಂಗಡಿಯ ಯಾಗೋದಾ ಗಟ್ಟಿಯಾಗಿ ಓದುತ್ತಿದ್ದಳು. ದಾರಿಂಕಾ ಮಾತ್ರ ಒಂದು ಭಾನುವಾರವೂ ಬಂದವಳಲ್ಲ. ಮುಂದಿನದೆಲ್ಲ ತಿಳಿದವಳು, ಮುಖ ಎಲ್ಲಿ ಗುಟ್ಟು ಬಿಟ್ಟುಕೊಡುತ್ತದೋ ಎಂಬ ಭಯ.

ಮಂಗಳವಾರ ಅವಳು ಬಂದಾಗ ಮೂವರೂ ಕೂತಿದ್ದರು. ಕ್ಷೌರಿಕ ರಾಶ್ಕೋನ ಅಂಗಿಯಿಂದ ಆಸ್ಪತ್ರೆಯ ವಾಸನೆ ಬರುತ್ತಿತ್ತು.

“ಅಮ್ಮ ಹೇಗಿದಾರೆ?” ಓಬ್ರಾದ್ ಕೇಳಿದ.

“ಈ ಭಾನುವಾರದ ತನಕ ಇರೋದು ಅನುಮಾನ ಅಂತ ಹಬ್ಬಕ್ಕೆ ಮೊದಲೇ ಅಂದ್ರು ಡಾಕ್ಟರು. ಇವತ್ತೂ ಅದೇ ಮಾತು.”

ಓಬ್ರಾದ್ ತಲೆಯಾಡಿಸಿ ಟಿಹೋಮಿರ್‌ನತ್ತ ತಿರುಗಿದ. “ಶುಕ್ರವಾರ ದಾರಿಂಕಾ ಮನೆಗೆ ಮೊದಲು ಹೋದದ್ದು ನೀನಾ?”

“ಮೀನು ಕೊಡೋಕೆ ಹೋದೆ! ಉಪವಾಸದ ಶುಕ್ರವಾರ, ಕುರಿ ಇಲ್ಲ. ಅಡುಗೆಮನೇಲಿಟ್ಟು ಕೂತೆ.”

“ರಾಣಿ ಸಾಯ್ತಾಳೆ ಅಂತ ಮೊದಲ ಸೀಸನ್‌ನಿಂದ್ಲೂ ಕೂಗ್ತಿದ್ದೋನು ನೀನೇ.”

“ಕೂಗಿದೆ! ಅಷ್ಟು ಒಳ್ಳೆಯವಳನ್ನ ಕತೆಗಾರರು ಬದುಕಿಸ್ತಾರಾ? ಆದ್ರೆ ವಿಷ ಅಂತ ನಾನು ಯಾವತ್ತಾದ್ರೂ ಅಂದಿದ್ನಾ? ಕತ್ತಿ ಅಂದಿದ್ದೆ.”

“ಇವಳನ್ನ ಕೇಳಿ ಕಾಕಾ,” ಎಂದು ಟಿಹೋಮಿರ್ ಯಾಗೋದಾಳತ್ತ ಬೆರಳು ತೋರಿದ. “ಯಾವ ಪುಸ್ತಕ ಕೊಟ್ರೂ ಕೊನೇ ಪುಟ ಮೊದಲು ಓದೋಳು.”

“ಓದ್ತೀನಿ, ಏನೀಗ?” ಯಾಗೋದಾ ಸಿಡಿದಳು. “ಪುಸ್ತಕ ನನ್ನದು. ನಿನ್ನ ಮೀನಿಗೆ ಉಪ್ಪಿಲ್ಲ ಅಂತ ಊರಿಗೆಲ್ಲ ಹೇಳಿದೆ ಅಂತ ಈಗ ಸೇಡಾ?”

“ಜಗಳ ಸಾಕು,” ಎಂದ ಓಬ್ರಾದ್. “ ಯಾಗೋದಾ, ದಾರಿಂಕಾ ಮೊನ್ನೆ ಭಾನುವಾರ ಇರಲಿಲ್ಲ. ಕಂತು ಮುಗಿದ ಮೇಲೆ ಏನಾಯ್ತು, ಹೇಳು.”

“ಏನಾಗತ್ತೆ? ರಾಣಿ ಗೆದ್ದು, ಬಿಳಿ ಕುದುರೆ ಏರಿ ಊರಿಗೆ ಬಂದ್ಲು. ನನಗೆ ಅಳು. ಟಿಹೋಮಿರ್ ರಾಕಿಯಾ ತಂದ. ‘ರಾಣಿಗೆ!’ ಅಂತ ಎಲ್ಲರೂ ಗ್ಲಾಸು ಎತ್ತಿದ್ವಿ. ರಾಶ್ಕೋ ರೊಟ್ಟಿ ಮೇಲೆ ಒಂದಿಷ್ಟು ಚೆಲ್ಲಿ, ಕೈ ನಡುಗ್ತು ಅಂದ. ನಾನೇ ಒರೆಸಿದೆ. ಅಷ್ಟೇ.”

“ಅಷ್ಟೇ,” ಎಂದ ಓಬ್ರಾದ್. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ. “ದಾರಿಂಕಾ, ಶುಕ್ರವಾರ ಊಟದಲ್ಲಿ ನಿನ್ನ ಗಂಡನ ಹೆಸರಿಗೆ ಕುಡಿದ್ವಿ. ಹೇಗೆ ಕುಡಿದ್ವಿ?”

“ಹೇಗೆ ಅಂದ್ರೆ... ಎಲ್ಲರೂ ಕುಡಿಯೋ ಹಾಗೆ. ಗ್ಲಾಸು ತಾಗಿಸ್ಲಿಲ್ಲ. ರೊಟ್ಟಿ ಮೇಲೆ ಒಂದು ಹನಿ...”

ಅವಳು ರಾಶ್ಕೋನನ್ನು ನೋಡಲಿಲ್ಲ.

“ಬದುಕಿದವರಿಗೆ ಗ್ಲಾಸಿಗೆ ಗ್ಲಾಸು ತಾಗಿಸ್ತೀವಿ,” ಎಂದ ಓಬ್ರಾದ್. “ಸತ್ತವರಿಗೆ ತಾಗಿಸಲ್ಲ, ರೊಟ್ಟಿ ಮೇಲೆ ಹನಿ ಬಿಡ್ತೀವಿ. ಹಾಲು ಕುಡಿದಷ್ಟೇ ಸಹಜವಾಗಿ ಬಂದದ್ದು ಇದು, ಯಾರೂ ಯೋಚಿಸಿ ಮಾಡಲ್ಲ. ಭಾನುವಾರ ಟಿಹೋಮಿರ್‌ನ ಗ್ಲಾಸು ನನ್ನದಕ್ಕೆ ಬಡೀತು. ಯಾಗೋದಾಳದ್ದೂ ತಾಗ್ತು. ಎಡಗಡೆ ರಾಶ್ಕೋನ ಕಡೆಗೆ ನನ್ನ ಗ್ಲಾಸು ಗಾಳೀಲಿ ಕಾಯ್ತಾ ನಿಂತಿತ್ತು. ಕೈ ನಡುಗ್ತು ಅಂದ್ಯಲ್ಲ, ರಾಶ್ಕೋ—ನಿನ್ನೆ ಬೆಳಿಗ್ಗೆ ಇದೇ ಕೈಯಲ್ಲಿ ಕತ್ತಿ ಹಿಡಿದು ನನ್ನ ಗಂಟಲು ಕ್ಷೌರ ಮಾಡಿದೆ. ಒಂದು ಗೀರೂ ಇಲ್ಲ.”

“ಕಾಕಾ, ನಾನೂ ಸಾಯ್ತಾಳೆ ಅಂತಿದ್ನಲ್ಲ...” ಟಿಹೋಮಿರ್ ತಡವರಿಸಿದ.

“ಅಂತಿದ್ದೆ, ಆದ್ರೂ ತಾಗಿಸಿದೆ. ಊಹೆ ಬಾಯಲ್ಲಿರತ್ತೆ. ಕಂಡದ್ದು ಕೈಗಿಳಿಯತ್ತೆ. ಪರದೆ ಮೇಲೆ ಕುದುರೆ ಏರಿದ್ದ ರಾಣಿ ರಾಶ್ಕೋನ ಪಾಲಿಗೆ ಆಗಲೇ ಮಣ್ಣು ಸೇರಿದ್ಲು.”

ದಾರಿಂಕಾಳೇ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಇನ್ನೂ ಬಂದಿರಲಿಲ್ಲ.

“ಯಾಕೆ, ಕೂಮ್?”

ರಾಶ್ಕೋ ತನ್ನ ಅಂಗೈಗಳನ್ನು ನೋಡಿಕೊಂಡ.

“ಆರು ಸೀಸನ್ ಒಂದು ಕಂತೂ ಬಿಡದೆ ನೋಡಿದ್ಲು ಅಮ್ಮ. ‘ಸಾಯೋದಕ್ಕೇನೂ ಬೇಜಾರಿಲ್ಲ ಕಣೋ, ಆ ಹುಡುಗಿ ಕತೆ ಏನಾಯ್ತು ಅಂತ ತಿಳೀದೆ ಹೋಗಬೇಕಲ್ಲ’ ಅಂದ್ಲು. ಶುಕ್ರವಾರ ಇವರಿಬ್ರೂ ನಿನ್ನ ಅಡುಗೆಮನೇಲಿ ಮೀನಿನ ಮೇಲೆ ಕಿತ್ತಾಡ್ತಿದ್ರು. ಲ್ಯಾಪ್‌ಟಾಪ್ ಅಮ್ಮನಿಗೆ ಅಂತ ಚೀಲದಲ್ಲೇ ಇತ್ತು. ಪಟದ ಕೆಳಗಿನ ಡ್ರಾಯರ್ ತೆಗೆದ್ರೆ ಡ್ರೈವ್ ಸಿಕ್ತು, ನಕಲು ಮಾಡ್ಕೊಂಡೆ. ಸಂಜೆ ಹಾಸಿಗೆ ಪಕ್ಕ ಕೂತು ಇಬ್ರೂ ನೋಡಿದ್ವಿ. ಯಾರಿಗೂ ಹೇಳ್ಬೇಡ ಅಂದಿದ್ದೆ. ಖುಷಿ ತಡೀಲಾರದೆ ನರ್ಸಿಗೆ ಹೇಳಿದಾಳೆ. ಆ ಪುಟದಲ್ಲಿ ಬರೆದದ್ದು ಆ ನರ್ಸೇ.”

“ನನ್ನ ಕೇಳಬಹುದಿತ್ತು.”

“ಕೇಳಿದ್ರೆ? ಕೊಟ್ರೆ ನಿನ್ನ ಮಾತು ಮುರೀತಿತ್ತು. ಕೊಡದಿದ್ರೆ ಕೂಮ್‌ಗೆ ಇಲ್ಲ ಅಂದ ಪಾಪ. ಎರಡೂ ನಿನಗೆ ಬೇಡ, ಕಳ್ಳತನ ನನಗಿರಲಿ ಅಂದ್ಕೊಂಡೆ. ನಿನ್ನ ಕೆಲಸಕ್ಕೆ ಕುತ್ತು ಬರತ್ತೆ ಅಂತ ಹೊಳೀಲಿಲ್ಲ, ಕೂಮಾ. ಆ ದೇವರಾಣೆ ಹೊಳೀಲಿಲ್ಲ.”

“ಗುರುವಾರದ ಗಡುವು ನಿನ್ನೆಯಿಂದ ಊರಿಗೇ ಗೊತ್ತು. ಆದ್ರೂ ನೀನು ಸುಮ್ಮನಿದ್ದೆ.”

“ಗುರುವಾರದ ತನಕ ತಡೆಯೋಣ ಅಂತಿದ್ದೆ. ಅಷ್ಟರಲ್ಲಿ ಅಮ್ಮ ಹೋದ್ರೆ, ಮಗ ಕಳ್ಳ ಅನ್ನೋದು ಅವಳ ಕಿವಿಗೆ ಬೀಳಲ್ಲ ಅಂತ.”

ದಾರಿಂಕಾ ಮೊಬೈಲ್ ತೆಗೆದು, ಬೆಲ್‌ಗ್ರೇಡಿನ ನಂಬರು ಒತ್ತಿ, ಮೇಜಿನ ಮೇಲಿಟ್ಟು ಅವನತ್ತ ಸರಿಸಿದಳು. ರಾಶ್ಕೋ ಎತ್ತಿಕೊಂಡ. ಹೆಸರು, ಅಪ್ಪನ ಹೆಸರು, ಊರು—ಎಲ್ಲವನ್ನೂ ಹೇಳಿ, ಕದ್ದವನು ನಾನು ಎಂದ.

ಕೆಲಸ ಉಳಿಯಿತು. ಆದರೆ ಇನ್ನು ಮುಂದೆ ಡ್ರೈವ್ ಅವಳ ಮನೆಗೆ ಬರುವುದಿಲ್ಲ. ಅವಳೇ ಬಸ್ಸು ಹಿಡಿದು ಬೆಲ್‌ಗ್ರೇಡಿಗೆ ಹೋಗಿ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಬರೆಯಬೇಕು. ರಾಶ್ಕೋನ ಮೇಲೆ ದೂರು ದಾಖಲಾಯಿತು. ಶುಕ್ರವಾರ ಅವನ ತಾಯಿ ತೀರಿಕೊಂಡಳು. ಶನಿವಾರ ಮಣ್ಣು ಮಾಡಿದರು.

ಭಾನುವಾರ ಕಫಾನಾದ ಮೇಜಿಗೆ ಐದನೆಯ ಕುರ್ಚಿ ಬಂತು. ಇನ್ನು ಮುಖ ಮುಚ್ಚಿಕೊಳ್ಳುವಂಥ ಗುಟ್ಟೇನೂ ದಾರಿಂಕಾಳ ಬಳಿ ಉಳಿದಿರಲಿಲ್ಲ. ಕಪ್ಪು ಅಂಗಿ ತೊಟ್ಟ ರಾಶ್ಕೋ ಬಾಗಿಲಲ್ಲಿಯೇ ನಿಂತಿದ್ದ. ಅವಳು ಪಕ್ಕದ ಕುರ್ಚಿ ಎಳೆದಳು, ಅವನು ಬಂದು ಕೂತ.

ರಾಣಿ ಬಟ್ಟಲು ಎತ್ತಿದಾಗ ಯಾಗೋದಾ ಓದು ನಿಲ್ಲಿಸಿ ಕಣ್ಣೊರೆಸಿಕೊಂಡಳು. ಪರದೆ ನೋಡದೆಯೇ, ಓಬ್ರಾದನಿಗೆ ಕೇಳುವಂತೆ, ಆ ಕೊನೆಯ ಸಾಲುಗಳನ್ನು ದಾರಿಂಕಾ ಹೇಳಿ ಮುಗಿಸಿದಳು.

ಟಿಹೋಮಿರ್ ರಾಕಿಯಾ ಸುರಿದ. ಐದು ಗ್ಲಾಸು ಮೇಲೆದ್ದವು, ಒಂದೂ ತಾಗಲಿಲ್ಲ. ರಾಶ್ಕೋ ರೊಟ್ಟಿಯ ಮೇಲೆ ಒಂದು ಹನಿ ಬಿಟ್ಟ, ಸ್ವಲ್ಪ ತಡೆದು ಇನ್ನೊಂದು. ಈ ಸಲ ಕೈ ನಡುಗಿತೆಂದು ಅವನು ಹೇಳಲಿಲ್ಲ.