ಹೆಸರು ಹೇಳದವಳು

"ಟಾಕು ಕೆಳಗ ಇಡ್ರಿ!"

ಸರೋಜವ್ವ ತಲೆಯೆತ್ತುವಷ್ಟರಲ್ಲಿ ಮಸಿಯಲ್ಲಿ ಅದ್ದಿದ್ದ ಟಾಕು ಅವಳ ಬೆರಳುಗಳಿಂದ ಇನ್ನೊಬ್ಬರ ಕೈ ಸೇರಿಯಾಗಿತ್ತು. ಕಾರ್ಡಿನ ಮೇಲೆ ಒಂದು ಮಸಿಯ ಹನಿ ಉರುಟಾಗಿ ಬಿತ್ತು.

ಎದುರಿಗೆ ನಿಂತವನು ಕಾರಕೂನ ಉಳವಪ್ಪ. ಹಿರೇಕೆರೂರಿನವನು, ಇಪ್ಪತ್ತಾರರ ಪ್ರಾಯ. ಹಾನಗಲ್ಲಿನ ಈ ರೇಷನ್ ಕಚೇರಿಯಲ್ಲಿ ಅವಳಿಗೆ ಕೆಲಸ ಕಲಿಸಬೇಕಾದವನು ಇವನೇ. ಅವನ ಮುಖವನ್ನು ಅವಳು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸಿಟ್ಟಿನಲ್ಲಿ ಕೆಂಪಾದ ಮುಖ!

"ಒಂದು ತಾಸಿನ್ಯಾಗ ಹನ್ನೆರಡು ಕಾರ್ಡು! ಹೊರಗ ಇನ್ನೂರು ಮಂದಿ ಬಿಸಲಾಗ ನಿಂತಾರ. ಕಾಣಸ್ತೈತೇನ್ರಿ ನಿಮಗ?"

"ಕಾಣಸ್ತೈತ್ರಿ. ಅದಕ್ಕ ಒಬ್ಬೊಬ್ಬರ ಮಾರಿ ನೋಡಿ ಕೇಳಾಕತ್ತೇನಿ."

"ಮಾರಿ ನೋಡಾಕ ಸರಕಾರ ಪಗಾರ ಕೊಡೂದಿಲ್ಲ." ಅವನು ಅವಳ ಜಾಗದಲ್ಲಿ ಕುಳಿತೇಬಿಟ್ಟ. "ಇಬ್ಬಿಬ್ಬರನ್ನ ಒಮ್ಮೆ ಕರೀಬೇಕು. ಎರಡು ಕಾರ್ಡು ಮುಂದಿಟ್ಟು ಇಬ್ಬರ ಹೆಸರೂ ಬರಕೋಬೇಕು. ಆಮ್ಯಾಲೆ ಗಂಡನ ಹೆಸರು ಕೇಳಬೇಕು. ಯಾವ ಧ್ವನಿ ಯಾವ ಹೆಸರು ಹೇಳ್ತೈತಿ, ಆ ಧ್ವನಿ ಕಾರ್ಡಿನ್ಯಾಗ ಆ ಹೆಸರು. ತಲಿ ಎತ್ತೂ ಕೆಲಸಾ ಇಲ್ಲ!"

"ಅದು ತಪ್ಪಾಗ್ತೈತ್ರಿ. ನಮ್ಮ ಹೆಣ್ಮಕ್ಕಳು..."

"ನಾಲ್ಕು ವರ್ಷ ಕಾರಕೂನಿಕಿ ಮಾಡೇನ್ರಿ ನಾ. ನೀವು ಬಂದು ನಾಲ್ಕು ತಾಸು ಆಗಿಲ್ಲ."

ಒಳಗಿನ ಮೇಜಿನಿಂದ ಹಿರಿಯ ಕಾರಕೂನ ಪರಮೇಶ್ವರಪ್ಪ ಎಲೆಯಡಿಕೆಯ ಬಾಯಲ್ಲೇ ನಕ್ಕ. "ಬಾಯಾರು ಕಲಿಯಾಕ ಬಂದಾರೋ, ನಮಗ ಕಲಿಸಾಕ ಬಂದಾರೋ?"

ಕಚೇರಿ ತುಂಬ ನಗೆ. ಸರೋಜವ್ವನ ಕಿವಿಗಳು ಸುಟ್ಟವು.

ಅವಳು ಹೇಳಹೊರಟದ್ದು ಇಷ್ಟೇ: ಈ ನಾಡಿನ ಹೆಂಗಸು ಗಂಡನ ಹೆಸರನ್ನು ತನ್ನ ಬಾಯಿಂದ ಹೇಳುವುದಿಲ್ಲ. ಯಾರಾದರೂ ಕೇಳಿದರೆ ಪಕ್ಕದವಳನ್ನು ತಿವಿಯುತ್ತಾಳೆ. ಹೆಸರು ಹೇಳುವವಳು ಪಕ್ಕದವಳು! ತಲೆ ತಗ್ಗಿಸಿ ಧ್ವನಿಯನ್ನಷ್ಟೇ ಕೇಳಿ ಬರೆದರೆ ಇವಳ ಗಂಡ ಅವಳ ಕಾರ್ಡಿಗೆ ಹೋಗುತ್ತಾನೆ.

ಆದರೆ ಕೇಳುವವರು ಯಾರು?

ಅಂದಿನಿಂದ ಅವಳಿಗೆ ಸಿಕ್ಕಿದ್ದು ಶಿಕ್ಕಾ, ಅಂದರೆ ಮೊಹರು, ಒತ್ತುವ ಕೆಲಸ. ಉಳವಪ್ಪ ಕಿಡಕಿಯಲ್ಲಿ ಕುಳಿತು ಬರೆಯುತ್ತಿದ್ದ. ಅವನು ಬರೆದು ಒಟ್ಟಿದ ಕಾರ್ಡುಗಳ ಮೇಲೆ ಅವಳು ಮೂಲೆಯಲ್ಲಿ ಕುಳಿತು ಸರಕಾರದ ಶಿಕ್ಕಾ ಕುಟ್ಟುತ್ತಿದ್ದಳು. ಒಂದೊಂದು ಏಟೂ ಅವನ ತಲೆಯ ಮೇಲೆ ಬಿದ್ದಂತೆ!

ಎರಡನೆಯ ಮಹಾಯುದ್ಧದ ಐದನೆಯ ವರ್ಷ ಅದು. ಗಂಡಸರು ಸಾಲದೆ ಸರಕಾರ ಹೆಂಗಸರಿಗೂ ಹಂಗಾಮಿ ನೌಕರಿ ಕೊಟ್ಟಿತ್ತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಸರೋಜವ್ವ ತಡಸದಲ್ಲಿ ಅಪ್ಪನೊಂದಿಗೆ ಎಂಟು ದಿನ ಜಗಳಾಡಿ, ಎರಡು ಹೊತ್ತು ಉಪವಾಸ ಬಿದ್ದು, ಕೊನೆಗೆ ಹಾನಗಲ್ಲಿನ ಚಿಕ್ಕವ್ವನ ಮನೆಗೆ ಬಂದಿಳಿದಿದ್ದಳು.

"ಮೂರು ತಿಂಗಳು," ಅಂದಿದ್ದ ಅಪ್ಪ. "ಅಷ್ಟರಾಗ ನೌಕರಿ ಕಾಯಂ ಆತಂದ್ರ ನಾ ತುಟಿ ಪಿಟಕ್ಕನ್ನೂದಿಲ್ಲ. ಆಗಲಿಲ್ಲಂದ್ರ ನಾವು ತೋರಿಸಿದ ಹುಡುಗನ್ನ ಕಟಗೋಬೇಕು. ಮಾತಾಡಂಗಿಲ್ಲ."

ಎರಡು ತಿಂಗಳು ಕಳೆದಿದ್ದವು. ಕಲಿಸಬೇಕಾದವನು ಕಲಿಸುತ್ತಿರಲಿಲ್ಲ. ಹಿರಿಯ ಕಾರಕೂನನಿಗಂತೂ ಅವಳ ಕುರ್ಚಿಯ ಮೇಲೆ ತನ್ನ ತಂಗಿಯ ಮಗನನ್ನು ಕೂರಿಸುವ ಆಸೆ. ಅದನ್ನು ಅವನೇನೂ ಮುಚ್ಚಿಟ್ಟಿರಲಿಲ್ಲ.

ಒಂದು ದಿನ ಶಿಕ್ಕಾದ ಒರಟು ಹಿಡಿಕೆಗೆ ಅವಳ ಅಂಗೈ ಬೊಬ್ಬೆ ಎದ್ದು ಒಡೆಯಿತು. ಮರುದಿನ ಬಂದು ನೋಡಿದರೆ ಹಿಡಿಕೆಗೆ ಮೆತ್ತನೆಯ ಅರಿವೆ ಸುತ್ತಿ, ದಾರದಿಂದ ಬಿಗಿಯಾಗಿ ಹೊಲಿದಿತ್ತು!

"ಚಲೋ ಮಾಡಿದಿ, ಖಾದರಸಾಬ," ಅಂದಳು ಕಚೇರಿಯ ಸಿಪಾಯಿಗೆ.

ಖಾದರಸಾಬ ಬಿಳಿ ಗಡ್ಡದೊಳಗೇ ನಕ್ಕ. "ನಾ ಅಲ್ರಿ ಬಾಯಾರ. ಸೂಜಿಯೊಳಗ ದಾರ ಪೋಣಿಸೂವಷ್ಟು ಕಣ್ಣು ನನಗ ಎಲ್ಲಿ ಅದಾವ?" ಎಂದು ಕಿಡಕಿಯ ಕಡೆ ಗದ್ದ ಎತ್ತಿ ತೋರಿಸಿದ.

ಉಳವಪ್ಪ ಎಂದಿನಂತೆ ತಲೆ ತಗ್ಗಿಸಿ ಬರೆಯುತ್ತಿದ್ದ.

ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಪೂರ್ತಿ ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗಿರುತ್ತಿತ್ತು! ಪೂರ್ತಿ ದ್ವೇಷಿಸಬಹುದಿತ್ತು. ಈಗ ನೋಡಿದರೆ ಮನಸ್ಸಿನ ಅರ್ಧ ಭಾಗ ಅವನ ಬೆನ್ನನ್ನೇ ನೋಡುತ್ತ ಕುಳಿತಿದೆ... ಥೂ!

ಆ ವಾರವೇ, ಹಂಚಿಯಾಗಿದ್ದ ಕಾರ್ಡುಗಳ ಕಚೇರಿ ಪ್ರತಿಗಳಿಗೆ ಶಿಕ್ಕಾ ಒತ್ತುವಾಗ, ಆ ಎರಡು ಅವಳ ಕೈಗೆ ಬಂದವು. ಚೌಡವ್ವ, ಗಂಡ ಹುಚ್ಚಪ್ಪ. ಫಕ್ಕೀರವ್ವ, ಗಂಡ ಗುದ್ಲೆಪ್ಪ.

ಸರೋಜವ್ವನಿಗೆ ಈ ಹೆಂಗಸರು ಗೊತ್ತಿದ್ದರು, ಚಿಕ್ಕವ್ವನ ಓಣಿಯವರು. ಗುದ್ಲೆಪ್ಪ ಚೌಡವ್ವನ ಗಂಡ, ಹುಚ್ಚಪ್ಪ ಫಕ್ಕೀರವ್ವನ ಗಂಡ. ಅವಳು ಆ ಪ್ರತಿಗಳನ್ನು ಒಯ್ದು ಉಳವಪ್ಪನ ಮುಂದೆ ಒಗೆದಳು.

"ತಗೋರಿ. ಇಬ್ಬರ ಗಂಡಂದಿರನ್ನ ಅದಲಬದಲ ಮಾಡೀರಿ. ಇಂಥಾವು ಇನ್ನೆಷ್ಟು ಆಗ್ಯಾವೋ! ಪಕ್ಕದಾಕಿ ಹೇಳಿದ್ದನ್ನ ಪಕ್ಕದಾಕಿ ಕಾರ್ಡಿನ್ಯಾಗ ಬರದೀರಿ. ನಾ ಮೊದಲನೇ ದಿನಾನ ಹೇಳಾಕ ಬಂದಿದ್ದೆ. ನೀವು ಕೇಳಿದ್ರೇನು?"

ಅವನು ಅವನ್ನು ನೋಡಿದ. ಮುಖದ ಬಣ್ಣ ಹೋಯಿತು.

ಮರುದಿನ ಅವನು ಕಚೇರಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಮೂರನೆಯ ದಿನ ಬೆಳಿಗ್ಗೆ ಬಂದವರು ತಾಲೂಕಿನ ದೊಡ್ಡ ಅಧಿಕಾರಿ, ಮಾಮಲೇದಾರರು! ಅವರ ಹಿಂದೆ ಕಾರ್ಡು ಹಿಡಿದುಕೊಂಡು ಕೂಗಾಡುವ ಗಂಡಸರು, ಅವರ ಹಿಂದೆ ಸೆರಗಿನೊಳಗೆ ಕಿಸಿಕಿಸಿ ನಗುವ ಹೆಂಗಸರು.

"ನನ್ನ ಹೇಣ್ತೀನ್ನ ಈ ಹುಚ್ಚಪ್ಪಗ ಬರದು ಕೊಟ್ಟಾರ್ರಿ ಸಾಹೇಬ್ರ!" ಅಂದ ಗುದ್ಲೆಪ್ಪ.

"ನನಗೇನು ಬೇಕಾಗಿತ್ತೇನಲೇ ನಿನ್ನ ಹೇಣ್ತಿ?" ಹುಚ್ಚಪ್ಪ ಅವನಿಗಿಂತ ಜೋರಾಗಿ ಕೂಗಿದ. "ಅಂಗಡ್ಯಾಂವ ಕಾರ್ಡು ಓದಿ ಹೇಳಿದ್ದ ಹೇಳಿದ್ದು, ಎರಡು ದಿನಾ ಆತ್ರಿ, ನಮ್ಮಾಕಿ ನನಗ ರೊಟ್ಟಿ ಹಾಕವಲ್ಲಳು. ಕಾರ್ಡಿನ್ಯಾಗ ಇದ್ದಾಕಿ ಕಡೆ ಹೋಗಿ ಉಣ್ಣು ಅಂತಾಳ್ರಿ!"

ಮಾಮಲೇದಾರರ ಮೀಸೆ ಅಲುಗಿತು. ಆದರೆ ಅವರು ನಗಲಿಲ್ಲ. "ಯಾರು ಬರದದ್ದು ಇವು?"

"ಹೊಸಾ ಬಾಯಾರ್ರೀ," ಅಂದ ಪರಮೇಶ್ವರಪ್ಪ, ರೆಪ್ಪೆ ಸಹ ಅಲುಗಿಸದೆ. "ನಾವು ಬಡಕೊಂಡ್ವಿ, ಕಲೀರಿ ಕಲೀರಿ ಅಂತ. ಹೆಣ್ಮಕ್ಕಳ ಕೆಲಸಾ ಅಲ್ರಿ ಇದು."

ಸರೋಜವ್ವ ಎದ್ದು ನಿಂತಳು. "ಇವು ನಾ ಬರದದ್ದಲ್ರಿ."

"ಮತ್ತ ಯಾರು? ಹೆಸರು ಹೇಳ್ರಿ."

ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಹೇಳುವುದಕ್ಕೆ ಅವಳಿಗೆ ಎಲ್ಲ ಹಕ್ಕೂ ಇತ್ತು. ತಪ್ಪು ಅವನದು. ಮೇಲಾಗಿ ಅವನು ಓಡಿಹೋಗಿದ್ದಾನೆ. ಹೋಗುವ ಮುಂಚೆ ಪರಮೇಶ್ವರಪ್ಪನ ಜೊತೆ ಸೇರಿ ಇದನ್ನು ತನ್ನ ತಲೆಗೆ ಕಟ್ಟಿ ಹೋಗಿದ್ದಾನೆ! ಹೇಡಿ! ಈ ಎರಡು ತಿಂಗಳಲ್ಲಿ ಅವನ ಹೆಸರನ್ನು ಅವಳು ಎಷ್ಟು ಸಲ ಹಲ್ಲು ಕಡಿಯುತ್ತ ಹೇಳಿದ್ದಳು... ಚಿಕ್ಕವ್ವನ ಮುಂದೆ, ಖಾದರಸಾಬನ ಮುಂದೆ, ಗೋಡೆಯ ಮುಂದೆ.

ಈಗ ಬಾಯಿ ತೆರೆದರೆ ಬರಲೊಲ್ಲದು.

"ನೋಡ್ರಿ," ಮಾಮಲೇದಾರರ ಧ್ವನಿ ಗಡುಸಾಯಿತು, "ಹೆಸರು ಹೇಳದಿದ್ರ ಇದು ನಿಮ್ಮ ತಪ್ಪು ಅಂತ ಬರೀಬೇಕಾಗ್ತೈತಿ. ನೌಕರಿ ಹೋಗ್ತೈತಿ. ತಿಳೀತೇನು?"

ತಿಳಿಯಿತು. ತಡಸದ ಮನೆಯ ಪಡಸಾಲೆ ಕಣ್ಣ ಮುಂದೆ ಬಂತು. ಅಪ್ಪ ತೋರಿಸಲಿರುವ, ಮುಖವಿಲ್ಲದ ಯಾವನೋ ಹುಡುಗ ಬಂದ. ಆದರೂ ಅವಳು ಸುಮ್ಮನೆ ನಿಂತಳು.

ಬಾಗಿಲಲ್ಲಿ ನಿಂತಿದ್ದ ಚೌಡವ್ವ ಫಕ್ಕೀರವ್ವನನ್ನು ಮೊಣಕೈಯಿಂದ ತಿವಿದಳು. "ಅಯ್ಯ, ಹೆಂಗ ಹೇಳ್ತಾಳ್ರಿ ಸಾಹೇಬ್ರ? ನಮ್ಮಂಗ ಅಕೀ ನಾಲಿಗೀನೂ ಕಟ್ಟೇತಿ!"

"ಮದಿವಿ ಯಾವಾಗ ಆತ ಎವ್ವಾ? ಅಕ್ಕಿಕಾಳಿಗೆ ನಮ್ಮನ್ನ ಕರೀಲೇ ಇಲ್ಲ!" ಅಂದಳು ಫಕ್ಕೀರವ್ವ.

ಹೆಂಗಸರ ನಗೆ ಹೊಸ್ತಿಲು ದಾಟಿ ಒಳಗೆ ನುಗ್ಗಿತು.

"ಹಂಗೇನಿಲ್ಲ!" ಸರೋಜವ್ವ ಸರ್ರನೆ ತಿರುಗಿದಳು. "ಸುಮ್ನಿರ್ರಿ ನೀವು! ಹೇಳ್ತೇನಿ ಈಗ. ಹೇಳಾಕ ನನಗೇನು ಹೆದರಿಕಿ? ಇವನ್ನ ಬರದಾಂವ ಉ..."

ಉ. ಅಲ್ಲಿಗೇ ನಿಂತಿತು.

ಅವಳ ಮುಖಕ್ಕೆ ರಕ್ತ ನುಗ್ಗಿತು. ದೇವರೇ... ಇದು ಯಾವಾಗ ಆಯಿತು? ತನ್ನನ್ನು ಕೇಳದೆ, ತನ್ನ ಒಪ್ಪಿಗೆ ಪಡೆಯದೆ, ಇದು ಯಾವಾಗ ಆಯಿತು?

"ಅವು ನನ್ನ ಅಕ್ಷರ, ಸಾಹೇಬ್ರ."

ಹೆಂಗಸರು ದಾರಿ ಬಿಟ್ಟರು. ಉಳವಪ್ಪ ಬಾಗಿಲಲ್ಲಿ ನಿಂತಿದ್ದ. ಧೋತರದ ತುಂಬ ಕೆಂಪು ಧೂಳು, ಕೈಯಲ್ಲಿ ಕಾರ್ಡುಗಳ ದೊಡ್ಡ ಕಟ್ಟು. ಸೈಕಲ್ಲು ಅಂಗಳದಲ್ಲಿ ಬಿದ್ದಿತ್ತು. ಅದರ ಹಿಂದಿನ ಗಾಲಿ ಇನ್ನೂ ತಿರುಗುತ್ತಿತ್ತು.

"ತಪ್ಪು ನಂದು. ಇವರು ಮೊದಲನೇ ದಿನಾನ ಹೇಳಿದ್ರು, ನಾ ಕೇಳಲಿಲ್ಲ. ಎರಡು ದಿನ ಹಳ್ಳಿ ತಿರಗಿ, ಮನಿ ಮನಿಗೆ ಹೋಗಿ ತಪಾಸ ಮಾಡಿ ತಿದ್ದಿಕೊಂಡು ಬಂದೇನಿ. ಎಪ್ಪತ್ತೊಂದು ಸಿಕ್ಕಾವ. ಊರಾಗಿನವು ಇನ್ನೂ ಉಳದಾವ." ಅವನು ಪರಮೇಶ್ವರಪ್ಪನ ಕಡೆ ತಿರುಗಿದ. "ಇದನ್ನೆಲ್ಲಾ ಇವರಿಗೆ ಹೇಳೇ ಹೋಗಿದ್ದೆ. ಹೌದಲ್ರಿ?"

ಪರಮೇಶ್ವರಪ್ಪ ಬಾಯಲ್ಲಿದ್ದ ಎಲೆಯಡಿಕೆಯನ್ನು ಹಾಗೆಯೇ ನುಂಗಿದ. ಕೆಮ್ಮು ಹತ್ತಿತು.

ಮಾಮಲೇದಾರರು ಅವನನ್ನು ಒಂದು ಗಳಿಗೆ ನೋಡಿದರು. "ನಿಮ್ಮ ಜೋಡಿ ಆಮ್ಯಾಲೆ ಮಾತಾಡ್ತೇನಿ." ಆಮೇಲೆ ಉಳವಪ್ಪನಿಗೆ, "ಸೋಮವಾರದಿಂದ ನೀವು ಶಿಗ್ಗಾವಿ ಕಚೇರಿಗೆ. ಒಂದು ದರ್ಜೆ ಕೆಳಗ." ಕೊನೆಗೆ ಸರೋಜವ್ವನಿಗೆ, "ಕಿಡಕ್ಯಾಗ ಇನ್ನ ನೀವು ಕೂಡ್ರಿ. ಮಾರಿ ನೋಡೇ ಬರೀರಿ. ಕಾಯಂ ಹುಕುಮು ಈ ವಾರದಾಗ ಬರ್ತೈತಿ."

ಮಧ್ಯಾಹ್ನ ಕಚೇರಿ ಖಾಲಿಯಾದ ಮೇಲೆ ಹಿತ್ತಲ ಕಟ್ಟೆಯ ಮೇಲೆ ಅವನು ಕಾಲು ತೊಳೆಯುತ್ತಿದ್ದ. ಸರೋಜವ್ವ ಬಂದು ನಿಂತಳು. ನೌಕರಿ ಕಾಯಂ ಆದಂತೆಯೇ ಆಗಿತ್ತು. ಆದರೂ ಸಿಟ್ಟು ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ.

"ನನಗ ಯಾಕ ಹೇಳಿ ಹೋಗಲಿಲ್ಲ?"

"ನಿಮಗ ತೋರಸಾಕ ಮಾರಿ ಇರಲಿಲ್ರಿ."

"ಇದ್ದ ಮಾರೀನ ಎತ್ತಿದ್ರ ಇಷ್ಟೆಲ್ಲಾ ಆಗ್ತಿತ್ತೇನು? ಹೆಣ್ಮಕ್ಕಳು ಗಂಡನ ಹೆಸರು ಹೇಳೂದಿಲ್ಲ ಅಂತ ಕೂಸಿಗೂ ಗೊತ್ತೈತಿ! ನಿಮಗ ಗೊತ್ತಿರಲಿಲ್ಲೇನು?"

ಅವನು ಚಂಬು ಕೆಳಗಿಟ್ಟ. "ಕೇಳಿದ್ದೆ. ಕಂಡಿದ್ದಿಲ್ಲ. ನಾ ಹುಟ್ಟಿದ ವರ್ಷಾನ ಅವ್ವ ತೀರಿಕೊಂಡ್ಳು. ಆಮ್ಯಾಲೆ ಧಾರವಾಡದ ಬೋರ್ಡಿಂಗು. ನಮ್ಮ ಮನ್ಯಾಗ ಅಪ್ಪನ ಹೆಸರು ಹೇಳದ ಉಳಿಯೂವಂಥವರು ಯಾರೂ ಇರಲಿಲ್ರಿ."

ಸರೋಜವ್ವ ಕಟ್ಟೆಯ ತುದಿಯಲ್ಲಿ ಕುಳಿತಳು.

"ಇವತ್ತು ಬಾಗಲಾಗ ನಿಂತು ಕೇಳಿದೆ," ಅಂದ ಅವನು ಮೆಲ್ಲಗೆ. "ನೌಕರಿ ಹೋಗ್ತೈತಿ ಅಂದ್ರೂ ನೀವು..."

"ಅದನ್ನ ಎತ್ತಬ್ಯಾಡ್ರಿ!"

"ಎತ್ತೂದಿಲ್ಲ."

ಗೋಡೆಯಾಚೆ ಖಾದರಸಾಬ ಕಾರಣವಿಲ್ಲದೆ ಜೋರಾಗಿ ಕೆಮ್ಮಿದ.

"ಶಿಗ್ಗಾವಿಯಿಂದ ತಡಸ ದೂರ ಆಗೂದಿಲ್ಲಲ್ರೀ?" ಅವನು ಕೇಳಿದ.

"ಯಾಕ?"

"ನಿಮ್ಮ ಅಪ್ಪಾರನ್ನ ಕಾಣಬೇಕು ಅಂತ."

ಅವಳ ಎದೆ ಒಂದು ಬಡಿತ ತಪ್ಪಿತು. ಆದರೆ ಧ್ವನಿ ತಪ್ಪಲಿಲ್ಲ. "ನಾ ನೌಕರಿ ಬಿಡೂದಿಲ್ಲ. ಮೊದಲ ಹೇಳೇನಿ."

"ಬಿಡಬ್ಯಾಡ್ರಿ. ಹಾನಗಲ್ಲಿಗೆ ವಾಪಸ ಬರಾಕ ನಾ ಅರ್ಜಿ ಕೊಡ್ತೇನಿ. ಕಿಡಕಿ ನಿಮ್ಮದ. ಶಿಕ್ಕಾ ನಾ ಒತ್ತತೇನಿ."

ನಗು ಬಂತು. ಅವಳು ಅದನ್ನು ಅವನಿಗೆ ಕಾಣಗೊಡಲಿಲ್ಲ. "ಆದಿತ್ಯವಾರ ಅಪ್ಪ ಮನ್ಯಾಗ ಇರ್ತಾನ. ಬಿಸಲು ಏರೂದರೊಳಗ ಬರ್ರಿ."

"ಬಂದು ಏನಂತ ಹೇಳ್ಲಿ?"

ಸರೋಜವ್ವ ಯೋಚಿಸಿದಳು. ಮೊದಲ ಸಲ ಅವನ ಕಣ್ಣುಗಳನ್ನು ನೇರವಾಗಿ, ಪೂರ್ತಿಯಾಗಿ ನೋಡಿದಳು.

"ನಿಮ್ಮ ಮಗಳು ನನ್ನ ಮ್ಯಾಲೆ ಸಿಟ್ಟಾಗ್ಯಾಳ, ಆ ಸಿಟ್ಟು ಇಳಿಯಾಕ ಜನ್ಮಾ ಪೂರ್ತಿ ಹಿಡೀತೈತಂತ, ಅದಕ್ಕ ಕೇಳಾಕ ಬಂದೇನಿ... ಅಂತ ಹೇಳ್ರಿ."