ಜನಾಯಾಳ ಗೋಡೆ

"ಏಯ್! ಏನ್ ಮಾಡ್ತಿದೀರಾ? ಇಳೀರಿ ಕೆಳಗೆ!"

ರೊಷೆಲ್ ಓಡಿಬಂದು ಏಣಿ ಹಿಡಿದು ಅಲುಗಾಡಿಸಿದಳು. ಮೇಲೆ ನಿಂತಿದ್ದವನ ಕೈಯಲ್ಲಿ ಬಿಳಿ ಬಣ್ಣದ ರೋಲರ್. ಗೋಡೆಯ ತುಂಬ ನಗುತ್ತಿದ್ದ ಜನಾಯಾಳ ಒಂದು ಕಣ್ಣು ಆಗಲೇ ಮಾಯವಾಗಿತ್ತು!

"ನನ್ನ ಕ್ಲಾಸಿನ ಮಕ್ಕಳು ಅಳ್ತಾ ಅಳ್ತಾ ಬರೆದ ಚಿತ್ರ ಅದು. ಅಳಿಸೋಕೆ ನೀವ್ಯಾರು?"

ಅವನು ತಿರುಗಿದ. ಅದೇ ಹಣೆ, ಅದೇ ಗಲ್ಲದ ಗುಳಿ...

"ಅವಳು ನನ್ನ ತಂಗಿ."

ರೊಷೆಲ್ ಏಣಿ ಬಿಟ್ಟಳು.

ಉತ್ತರ ಫಿಲಡೆಲ್ಫಿಯಾದ ಆ ಬೀದಿಯ ಚರ್ಚಿನ ನೆಲಮಾಳಿಗೆಯಲ್ಲಿ ರೊಷೆಲ್ ಸುತ್ತಲಿನ ಬಡಮಕ್ಕಳಿಗೆ ಚಿತ್ರಕಲೆ ಕಲಿಸುತ್ತಿದ್ದಳು. ಹದಿನಾರರ ಜನಾಯಾ ಆ ಕ್ಲಾಸಿನ ಉಸಿರು. ಒಂದು ಸಂಜೆ ಕ್ಲಾಸ್ ಮುಗಿಸಿ ಮನೆಗೆ ಹೊರಟವಳು, ಯಾರೋ ಯಾರಿಗೋ ಹಾರಿಸಿದ ಗುಂಡಿಗೆ ಬಲಿಯಾಗಿದ್ದಳು. ಲಾರಿ ಓಡಿಸುತ್ತ ದೇಶ ಸುತ್ತುತ್ತಿದ್ದ ಅಣ್ಣ ಕೋರ್ವಿನ್ ಈಗ ತಾಯಿಗಾಗಿ ಮರಳಿದ್ದ.

"ಎದುರಿನ ಕಿಟಕಿ ನಮ್ಮದು." ಅವನು ರೋಲರ್‌ನಿಂದಲೇ ಬೀದಿಯಾಚೆ ತೋರಿಸಿದ. "ಪರದೆ ಸರಿಸಿದ್ರೆ ಸತ್ತ ಮಗಳು ನಗ್ತಾಳೆ. ಅಮ್ಮ ಕತ್ತಲಲ್ಲೇ ಕೂತಿರ್ತಾಳೆ. ಅವಳನ್ನ ಒಂದ್ ಮಾತು... ಒಂದೇ ಒಂದ್ ಮಾತು ಕೇಳಿದ್ರಾ?"

ಕೇಳಿರಲಿಲ್ಲ. ಯಾರಿಗೂ ಹೊಳೆದೇ ಇರಲಿಲ್ಲ!

ಮರುದಿನ ರೊಷೆಲ್ ಮಕ್ಕಳನ್ನು ಗೋಡೆಯ ಬಳಿ ಕರೆತಂದಳು.

"ಮಿಸ್ ರೊಷೆಲ್, ನಮ್ ಕೈಯಾರೆ ಅಳಿಸ್ಬೇಕಾ?" ಪುಟ್ಟ ಡೆಜಾ ಬಿಕ್ಕಿದಳು.

"ಹೂಂ ಕಂದ. ಅವರಮ್ಮನಿಗೋಸ್ಕರ."

ಸಂಜೆಯ ಹೊತ್ತಿಗೆ ಗೋಡೆ ಖಾಲಿ. ಆದರೂ ಆ ಕಿಟಕಿಯ ಪರದೆ ಸರಿಯಲಿಲ್ಲ.

ಅಂದಿನಿಂದ ಕೋರ್ವಿನ್ ದಿನವೂ ಚರ್ಚಿನ ಬಾಗಿಲಲ್ಲಿ ಕಾದು, ಕ್ಲಾಸ್ ಬಿಟ್ಟ ಮೇಲೆ ಮಕ್ಕಳನ್ನು ಅವರವರ ಮನೆಗೆ ಬಿಟ್ಟು ಬರತೊಡಗಿದ. ರೊಷೆಲ್ ಕಡೆ ತಲೆ ಎತ್ತಿಯೂ ನೋಡುತ್ತಿರಲಿಲ್ಲ.

'ಅವನ ತಂಗಿಯನ್ನು ಒಂಟಿಯಾಗಿ ಕಳಿಸಿದವಳು ನಾನೇ ಅಲ್ಲವೇ... ನನ್ನನ್ನು ಹೇಗೆ ನಂಬಿಯಾನು?'

ಆದರೂ ಅವನ ಹೆಜ್ಜೆ ಸಪ್ಪಳಕ್ಕೆ ಎದೆ ಹೊಡೆದುಕೊಳ್ಳುತ್ತಿತ್ತಲ್ಲ! ತನ್ನ ಮೇಲೇ ಅವಳಿಗೆ ಅಸಹ್ಯವಾಗುತ್ತಿತ್ತು.

ಮಕ್ಕಳು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಕಡೆಗೊಂದು ದಿನ ಯಾರೂ ಬರಲಿಲ್ಲ. ಡೆಜಾಳ ತಾಯಿ ಫೋನಿನಲ್ಲಿ ಹೇಳಿದಳು: "ಬೇಜಾರ್ ಮಾಡ್ಕೋಬೇಡಿ ಮಿಸ್. ಚಿತ್ರ ಬರದೇ ಇದ್ರೂ ಪರ್ವಾಗಿಲ್ಲ... ಮಗು ಬದುಕಿದ್ರೆ ಸಾಕು."

ರೊಷೆಲ್ ಕುಂಚಗಳನ್ನೆಲ್ಲ ಡಬ್ಬಕ್ಕೆ ತುಂಬಿ ಮೆಟ್ಟಿಲ ಮೇಲೆ ಕುಸಿದಳು. ಮುಗಿಯಿತು... ಎಲ್ಲ ಮುಗಿಯಿತು.

"ಇವತ್ತು ಯಾರನ್ನ ಮನೆಗೆ ಬಿಡ್ಲಿ?" ಬಾಗಿಲಲ್ಲಿ ಕೋರ್ವಿನ್.

"ಯಾರೂ ಇಲ್ಲ. ಇನ್ನು ನನ್ನ ಮೇಲೆ ನಂಬಿಕೆಯಿಲ್ಲ ಅಂತ ನೀವು ಕಾವಲು ಕಾಯೋದೂ ಬೇಡ."

"ಕಾವಲಾ?" ಅವನು ಅವಳ ಪಕ್ಕ ಕುಳಿತ. "ನಿಮ್ಮ ಮುಖ ನೋಡಿದ್ರೆ ಅತ್ತುಬಿಡ್ತೀನಿ ಅಂತ ತಲೆ ತಗ್ಗಿಸ್ತಿದ್ದೆ. ಫೋನ್ ಮಾಡಿದಾಗೆಲ್ಲ ಜನಾಯಾ ಬರೀ ನಿಮ್ಮ ವಿಷಯಾನೇ ಹೇಳ್ತಿದ್ಲು. ರೊಷೆಲ್... ನಂಗೆ ನೀನು ಬೇಕು."

ಅವಳ ಕಣ್ಣು ತುಂಬಿ ಬಂತು. "ನನ್ನಿಂದ್ಲೇ ಅವಳು ಹೋದ್ಲು ಅಂತ ನಿಂಗೆ ಅನ್ಸಲ್ವಾ?"

"ಒಂದೊಂದ್ ದಿನ ಅನ್ಸತ್ತೆ. ಸುಳ್ಳು ಹೇಳಲ್ಲ. ಆ ದಿನಾನೂ ನೀನೇ ಬೇಕು ಅನ್ಸತ್ತೆ."

ಅವಳು ಅವನ ಕೈ ಹಿಡಿದಳು.

"ಅಮ್ಮ ಎಷ್ಟೋ ತಿಂಗಳ ಮೇಲೆ ಇವತ್ತು ಒಲೆ ಹಚ್ಚಿದಾಳೆ. ಕೋಳಿ ಹುರೀತಿದಾಳೆ. ನಿನ್ನ ಕರ್ಕೊಂಡ್ ಬಾ ಅಂದ್ಲು."

"ನನ್ನ ನೋಡಿದ್ರೆ ಅವರು ಅಳ್ತಾರೆ ಕೋರ್ವಿನ್..."

"ಅಳ್ತಾಳೆ. ನೀನೂ ಅಳು. ನಾನಿರ್ತೀನಲ್ಲ."