ಉಪ್ಪು ನೆಕ್ಕಿದ ದಾರಿ

ಬಹಳ ಹಿಂದೆ, ದಾರಿಗಳಿಗೂ ಜೀವವಿದ್ದ ಕಾಲದಲ್ಲಿ, ಕಡಲಿಗೂ ಮಂಜಿನ ಬೆಟ್ಟಕ್ಕೂ ನಡುವೆ ಮೂರು ರಾಜ್ಯಗಳಿದ್ದವು. ಕೊಳದ ರಾಜ್ಯದಲ್ಲಿ ನೀರು, ಹುಲ್ಲಿನ ರಾಜ್ಯದಲ್ಲಿ ಮೇವು, ಹೊಳೆಯ ರಾಜ್ಯದಲ್ಲಿ ಸೇತುವೆ. ಕಡಲಿನಿಂದ ಬೆಟ್ಟಕ್ಕೆ ಹೋಗುವ ಒಂದೇ ಹೆದ್ದಾರಿ ಮೂರನ್ನೂ ಹಾದುಹೋಗುತ್ತಿತ್ತು. ಮೂರೂ ಪೇಟೆಗಳು ವ್ಯಾಪಾರಿಗಳಿಂದ ಗಿಜಿಗುಡುತ್ತಿದ್ದವು.

ರಾಜರು ಅಷ್ಟಕ್ಕೆ ಸುಮ್ಮನಿರಬಾರದೇ? ಡೊಂಕಯ್ಯನೆಂಬ ಮಾಂತ್ರಿಕ ಬಂದು ಮೂವರು ರಾಜರ ಕಿವಿಯಲ್ಲೂ ಗುಟ್ಟಾಗಿ ಊದಿದ: "ಹೊನ್ನು ಕೊಟ್ಟರೆ ದಾರಿ ಪೂರ್ತಿ ನಿಮ್ಮಲ್ಲೇ ಮಲಗುವಂತೆ ಮಾಡುತ್ತೇನೆ, ಮಹಾಪ್ರಭು. ಪಕ್ಕದವರು ಬಾಯಿ ಬಾಯಿ ಬಿಡಲಿ!" ಮೂವರೂ ಹಿರಿಹಿರಿ ಹಿಗ್ಗಿ, ದಾರಿ ಪಕ್ಕದವರ ಕಡೆಗೆ ಹೋಗದಂತೆ ಗಡಿಯ ಕೋಟೆಬಾಗಿಲು ಹಾಕಿಸಿದರು.

ಆ ಹೊತ್ತಿಗೆ ಹೊನ್ನೀರಿಯೆಂಬ ಹುಡುಗಿ ನಾಲ್ಕು ಎತ್ತುಗಳ ಮೇಲೆ ನಾಲ್ಕು ಚೀಲ ಉಪ್ಪು ಹೇರಿಕೊಂಡು ಬೆಟ್ಟಕ್ಕೆ ಹೊರಟಿದ್ದಳು. ಅಲ್ಲಿ ಅವಳ ತಂಗಿ ಕೆಂಚವ್ವನ ಮದುವೆ, ಬೆಟ್ಟದಲ್ಲೋ ಒಂದು ಹರಳು ಉಪ್ಪಿಲ್ಲ. ತಂಗಿಯ ಮದುವೆಯೂಟ ಸಪ್ಪೆಯಾಗುವುದೆಂದರೆ ಅವಳಿಂದ ಸಹಿಸಲಾಗದು.

ಡೊಂಕಯ್ಯ ದಾರಿಯ ಬಾಲ ಹಿಡಿದು ಎಳೆದ. ದಾರಿ ಸರ್ರನೆ ಕೊಳದ ರಾಜ್ಯಕ್ಕೆ ಬಂತು. ನೀರಿತ್ತು, ಮೇವಿಲ್ಲ. ವ್ಯಾಪಾರಿಗಳು ಹಿಂತಿರುಗಿದರು. ಮತ್ತೆ ಎಳೆದ. ದಾರಿ ಹುಲ್ಲಿನ ರಾಜ್ಯಕ್ಕೆ ಬಂತು. ಮೇವಿತ್ತು, ನೀರಿಲ್ಲ. ವ್ಯಾಪಾರಿಗಳು ಹಿಂತಿರುಗಿದರು. ಮತ್ತೆ ಎಳೆದ. ದಾರಿ ಹೊಳೆಯ ರಾಜ್ಯಕ್ಕೆ ಬಂತು. ಸೇತುವೆ ಇತ್ತು, ಅಲ್ಲಿಯವರೆಗೆ ಬರುವವರೇ ಇಲ್ಲ! ಮೂರೂ ಪೇಟೆಗಳಲ್ಲಿ ಅಂಗಡಿಯವರು ನೊಣ ಹೊಡೆಯುತ್ತ ಕೂತರು. ದಾರಿಯೋ ಬೆದರಿ ಮುದುಡಿ ಉಂಡೆಯಾಯಿತು.

"ಬೆದರಿದ ಎತ್ತನ್ನು ಎಳೆದರೆ ಬರುತ್ತದೆಯೇ? ಉಪ್ಪು ತೋರಿಸಬೇಕು" ಎಂದುಕೊಂಡು ಹೊನ್ನೀರಿ ಕೊಳದ ರಾಜನ ಬಳಿಗೆ ಹೋದಳು.

"ಬಾಗಿಲು ತೆಗೆಸಿ, ಬುದ್ಧಿ. ಈ ಗಡಿಯಿಂದ ಆ ಗಡಿಗೆ ಒಂದು ಚೀಲ ಉಪ್ಪು ಚೆಲ್ಲುತ್ತೇನೆ."

"ದಾರಿ ಪಕ್ಕದವನ ಕಡೆಗೂ ಹೋಗಿಬಿಟ್ಟರೆ?"

"ಹೋಗಲಿ ಬುದ್ಧಿ. ಅಲ್ಲಿಗೆ ಹೋದರೇನೇ ಇಲ್ಲಿಗೂ ಜನ ಬರುವುದು."

ಉಳಿದಿಬ್ಬರೂ ಅದನ್ನೇ ಕೇಳಿದರು, ಅವಳೂ ಅದನ್ನೇ ಹೇಳಿದಳು. ಖಾಲಿ ಪೇಟೆ ನೋಡಿ ನೋಡಿ ಸಾಕಾಗಿದ್ದ ರಾಜರು ಬಾಗಿಲು ತೆಗೆಸಿದರು. ಹೊನ್ನೀರಿ ಮದುವೆಯ ಉಪ್ಪಿನಲ್ಲಿ ಮೂರು ಚೀಲ ಚೆಲ್ಲಿದಳು.

ದಾರಿ ತಲೆಯೆತ್ತಿ ಮೂಸಿತು. ನಾಲಗೆ ಚಾಚಿ ನೆಕ್ಕುತ್ತ ನೆಕ್ಕುತ್ತ ಓಡಿತು! ಆಸೆಬುರುಕ ಡೊಂಕಯ್ಯ ಬಾಲ ಬಿಡಲಿಲ್ಲ. ಕೊಳದಲ್ಲಿ ಮುಳುಗಿ, ಹುಲ್ಲಿನಲ್ಲಿ ಉರುಳಿ, ಸೇತುವೆಯಿಂದ ದೊಪ್ಪನೆ ಹೊಳೆಗೆ ಬಿದ್ದು ಕಡಲು ಸೇರಿದ. ದಾರಿ ಮೂರೂ ರಾಜ್ಯಗಳ ಉದ್ದಕ್ಕೂ ಹಾಯಾಗಿ ಮೈಚಾಚಿ ಮಲಗಿತು.

ಮದುವೆಯ ಬೆಳಿಗ್ಗೆ ನಾಲ್ಕನೆಯ ಚೀಲ ಬೆಟ್ಟ ಮುಟ್ಟಿತು. ಅದರ ಹಿಂದೆಯೇ ಮದುವೆಗೆ ಬಂದ ಮೂವರು ರಾಜರೂ ಒಂದೇ ಪಂಕ್ತಿಯಲ್ಲಿ ಕೂತು, ನನ್ನ ನೀರೇ ಸಿಹಿ, ನನ್ನ ಮೇವೇ ಎಳಸು, ನನ್ನ ಸೇತುವೆಯೇ ಗಟ್ಟಿ ಎಂದು ಜಗಳವಾಡುತ್ತಲೇ ಹೊಟ್ಟೆತುಂಬ ಉಂಡರು. ಕೆಂಚವ್ವ ಸಾರು ಚಪ್ಪರಿಸಿ, "ಅಕ್ಕಾ, ಉಪ್ಪು ಹದವಾಗಿದೆ!" ಎಂದಳು. ಹೊನ್ನೀರಿಗೆ ಸಂತೋಷದಿಂದ ಕಣ್ಣು ತುಂಬಿತು.

ಅಂದಿನಿಂದ ವರ್ಷಕ್ಕೊಮ್ಮೆ ಮೂವರು ರಾಜರೂ ದಾರಿಗೆ ಒಂದೊಂದು ಹಿಡಿ ಉಪ್ಪು ಹಾಕಿ, ಪ್ರಜೆಗಳೊಡನೆ ನಗುನಗುತ್ತ ಬಾಳಿದರು. ದಾರಿ ಮಾತ್ರ ಮತ್ತೆಂದೂ ಯಾರ ಕೈಗೂ ಬಾಲ ಕೊಡಲಿಲ್ಲ.